ಕಂಬದಿಂದ ಮೀಟರ್‌ವರೆಗೆ: ಮನೆಗೆ ಸರ್ವೀಸ್ ವೈರ್ ತರುವ ಕ್ರಮ

ತುಮಕೂರಿನ ಹೊರಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಅಡುಗೆಮನೆಯ ದಿಕ್ಕಿಗೆ ಕೊಡುವ ಗಮನದ ಕಾಲುಭಾಗವನ್ನೂ ಕಂಬದಿಂದ ಮನೆಗೆ ವಿದ್ಯುತ್ ತರುವ ಸರ್ವೀಸ್ ವೈರಿನ ದಾರಿಗೆ ಕೊಡುವುದಿಲ್ಲ. ನೆಲಮಹಡಿ ಮುಗಿಸಿ, ಮುಂದೆ ಮೇಲೆ ಕಟ್ಟುವ ಆಸೆಯಿಂದ ಪಿಲ್ಲರ್ ಕಂಬಿಗಳನ್ನು ಹಾಗೆಯೇ ಬಿಟ್ಟು, ಹತ್ತಿರದ ಕಂಬದಿಂದ ವೈರ್ ಎಳೆಸಿಬಿಡುತ್ತಾರೆ; ಮೊದಲ ಮಹಡಿ ಎದ್ದಾಗ ಅದೇ ವೈರ್ ಬಾಲ್ಕನಿಯಲ್ಲಿ ನಿಂತವರ ಕೈಗೆ ಎಟಕುತ್ತದೆ. ಆದ್ದರಿಂದ ಕಟ್ಟಲಿರುವ ಕೊನೆಯ ಮಹಡಿಯನ್ನೂ ಲೆಕ್ಕಕ್ಕೆ ಹಿಡಿದು, ನಕ್ಷೆ ಬರೆಯುವಾಗಲೇ ಈ ದಾರಿಯನ್ನು ಗೊತ್ತುಮಾಡಬೇಕು.

ಮೊದಲು ಕಂಬವನ್ನು ನೋಡಿ. ಓವರ್‌ಹೆಡ್ ಲೈನಿನಿಂದ ಸರ್ವೀಸ್ ತೆಗೆಯುವುದು ಕಂಬದ ಬಳಿಯಲ್ಲಿ ಮಾತ್ರ. ಎರಡು ಕಂಬಗಳ ನಡುವೆ ತೆಗೆಯುವಂತಿಲ್ಲ. ಒಂದು ತಂತಿಯಿಂದ ನಾಲ್ಕಕ್ಕಿಂತ ಹೆಚ್ಚು ಟ್ಯಾಪಿಂಗ್ (ಸಂಪರ್ಕ ತೆಗೆಯುವುದು) ಕೂಡದೆಂಬ ನಿಯಮವೂ ಇದೆ. ಮನೆಯೆದುರಿನ ಕಂಬ ಈಗಾಗಲೇ ವೈರುಗಳಿಂದ ಜೋತುಬಿದ್ದಿದ್ದರೆ, ಬೇರೆ ಕಂಬದಿಂದ ಸಂಪರ್ಕ ಕೊಡುವಂತೆ ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂನ ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ಕಂಬದ ಮೇಲಿನ ಕೆಲಸ ಬೆಸ್ಕಾಂ ಸಿಬ್ಬಂದಿಯದು. ಮನೆಯ ಕಡೆಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಅಂತರದ ವಿಷಯದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಸ್ಪಷ್ಟವಾಗಿವೆ. ಸರ್ವೀಸ್ ಲೈನ್ ಕಟ್ಟಡದ ಮೇಲೆ ಹಾದರೆ ತಾರಸಿಯ ಅತಿ ಎತ್ತರದ ಭಾಗದಿಂದ ಕನಿಷ್ಠ 2.5 ಮೀಟರ್, ಪಕ್ಕದಲ್ಲಿ ಹಾದರೆ ಗೋಡೆ ಅಥವಾ ಬಾಲ್ಕನಿಯಿಂದ 1.2 ಮೀಟರ್ ಬಿಡಬೇಕು. ರಸ್ತೆಯನ್ನು ಅಡ್ಡ ದಾಟುವಲ್ಲಿ ನೆಲದಿಂದ 5.8 ಮೀಟರ್ ಎತ್ತರ ಇರಬೇಕು. ಕಟ್ಟಡದ ಬಳಿ ಇಷ್ಟು ಜಾಗ ಸಿಗದಿದ್ದರೆ ಇನ್ಸುಲೇಷನ್ ಇರುವ ವೈರನ್ನೇ ಬಳಸಿ, ಕನಿಷ್ಠ 350 ಕೆ.ಜಿ. ಎಳೆತ ತಡೆಯುವ, ಅರ್ಥ್ ಮಾಡಿದ (ನೆಲಕ್ಕೆ ಜೋಡಿಸಿದ) ಆಧಾರ ತಂತಿಗೆ ಅದನ್ನು ಲೋಹದ ಕ್ಲಿಪ್‌ಗಳಿಂದ ಹಿಡಿಸಬೇಕು. ಈ ಆಧಾರ ತಂತಿಯನ್ನು ಗೋಡೆಗೆ ಭದ್ರವಾಗಿ ಕೂರಿಸಿದ ಕ್ಲ್ಯಾಂಪಿಗೆ ಬಿಗಿಯಬೇಕೇ ಹೊರತು ನೀರಿನ ಪೈಪಿಗೋ ಬಟ್ಟೆ ಒಣಗಿಸುವ ಕಂಬಿಗೋ ಅಲ್ಲ.

ಹೆಚ್ಚು ತಪ್ಪು ಕಾಣುವುದು ವೈರ್ ಮನೆಯೊಳಗೆ ಬರುವ ಜಾಗದಲ್ಲಿ. ಗೋಡೆಗೆ ಹೊಡೆದ ಪೈಪಿನ ಬಾಯಿ ಆಕಾಶ ನೋಡುವಂತಿದ್ದರೆ ಮಳೆನೀರು ನೇರ ಮೀಟರ್ ಪೆಟ್ಟಿಗೆಗೆ ಇಳಿಯುತ್ತದೆ. ಬೆಂಡ್ ಹಾಕಿ ಬಾಯಿಯನ್ನು ಕೆಳಮುಖ ಮಾಡಬೇಕು. ಅದೊಂದೇ ಸಾಲದು. ವೈರನ್ನು ನೇರವಾಗಿ ತೂರಿಸದೆ, ಬಾಯಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಮತ್ತೆ ಮೇಲೆತ್ತಿ ಒಳಗೆ ಸೇರಿಸಿದರೆ, ವೈರಿನ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ವೈರ್ ತೂಗಾಡಿ ಪೈಪಿನ ಅಂಚಿಗೆ ಉಜ್ಜುವುದರಿಂದ ಬಾಯಿಗೆ ಬುಷ್ (ಅಂಚು ವೈರಿಗೆ ತಾಗದಂತೆ ತಡೆಯುವ ಬಳೆ) ಇರಲೇಬೇಕು. ಕಬ್ಬಿಣದ ಪೈಪಾದರೆ ಅದನ್ನೂ ಅರ್ಥ್ ಮಾಡಬೇಕು. ತಗಡಿನ ಶೀಟಿನ ಮಾಡು ಇರುವ ಮನೆಯಲ್ಲಿ ವೈರ್ ಶೀಟಿಗೆ ಎಲ್ಲಿಯೂ ತಾಗಕೂಡದು, ಏಕೆಂದರೆ ಇನ್ಸುಲೇಷನ್ ಸವೆದ ದಿನ ಇಡೀ ಮಾಡಿಗೇ ಕರೆಂಟು ಬರುತ್ತದೆ.

ಮೀಟರ್‌ವರೆಗಿನ ವೈರಿನಲ್ಲಿ ಎಲ್ಲಿಯೂ ಜಾಯಿಂಟ್ ಬೇಡ. ಫ್ಯೂಸ್ ಕೂರಿಸುವ ಕಟೌಟ್ ಕೈಗೆ ಸಿಗುವ ಕಡೆ, ಬೆಂಕಿ ತಗಲದ ಪೆಟ್ಟಿಗೆಯಲ್ಲಿರಬೇಕು. ಕರೆಂಟು ಮರಳುವ ನ್ಯೂಟ್ರಲ್ ತಂತಿಗೆ ಫ್ಯೂಸ್ ಹಾಕುವಂತಿಲ್ಲ. ಅರ್ಥ್ ಗುಂಡಿ ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರದಲ್ಲಿರಲಿ.

ತಿಪಟೂರು, ತುರುವೇಕೆರೆ ಕಡೆ ತೋಟದ ಮನೆಗಳಿಗೆ ತೆಂಗಿನ ಸಾಲಿನ ನಡುವೆ ವೈರ್ ಎಳೆದರೆ ಬೀಳುವ ಗರಿಗಳಿಂದ ಅದನ್ನು ಕಾಯುವುದು ಕಷ್ಟ. ಅಲ್ಲಿ ಖರ್ಚು ಹೆಚ್ಚಾದರೂ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲನ್ನು ನೆಲದಡಿ ತರುವುದೇ ಸರಿ. ಕೇಬಲ್ 75 ಸೆಂ.ಮೀ. ಆಳದಲ್ಲಿ ಮರಳಿನ ಹಾಸಿನ ಮೇಲೆ ಮಲಗಿ, ಅದರ ಮೇಲೆ ಮತ್ತೆ ಮರಳು, ಅದಕ್ಕೂ ಮೇಲೆ ಇಟ್ಟಿಗೆಯ ಸಾಲು ಇರಬೇಕು. ಹೋದ ದಾರಿಯನ್ನು ಕಲ್ಲು ನೆಟ್ಟು ಗುರುತಿಸದಿದ್ದರೆ ಮುಂದಿನ ಬಾರಿ ಗುಂಡಿ ತೆಗೆಯುವವರ ಗುದ್ದಲಿ ಅದರ ಮೇಲೇ ಬೀಳಬಹುದು.

ಹಳೆಯ ಮನೆಯ ಮೇಲೆ ಈಗಾಗಲೇ ಲೈನ್ ಹಾದಿದ್ದು, ಅದರಡಿಯಲ್ಲಿ ಮಹಡಿ ಏರಿಸುವುದಾದರೆ ಕೆಲಸ ಶುರುವಾಗುವ ಮೊದಲೇ ಬೆಸ್ಕಾಂಗೂ ವಿದ್ಯುತ್ ಪರಿವೀಕ್ಷಕರಿಗೂ ಲಿಖಿತವಾಗಿ ತಿಳಿಸಿ, ಲೈನ್ ಸ್ಥಳಾಂತರವಾದ ಮೇಲೆಯೇ ಸೆಂಟ್ರಿಂಗ್ ಕಟ್ಟಿಸಬೇಕು.