ಪದಗಳ ನಂಟು ಗುರುತಿಸಲು ಮಕ್ಕಳಿಗೆ ಕಲಿಸುವುದು ಹೇಗೆ?

ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆ ಕನ್ನಡ ಪತ್ರಿಕೆಯಲ್ಲಿ ‘ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಸಂಬಂಧಿಸಿದ ಪದ ಬರೆಯಿರಿ’ ಎಂಬ ಪ್ರಶ್ನೆಗೆ 4 ಅಂಕ. ಎಂಟನೆಯ ತರಗತಿಯವರು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಮಾನಸಿಕ ಸಾಮರ್ಥ್ಯ ಪತ್ರಿಕೆಯಲ್ಲೂ ಇಂಥವು ಬರುತ್ತವೆ. ಅಲ್ಲಿ 90 ಪ್ರಶ್ನೆಗೆ 90 ನಿಮಿಷ, ಎಂದರೆ ಒಂದಕ್ಕೆ ಒಂದೇ ನಿಮಿಷ. ಗದಗ ಸೀಮೆಯ ಹಳ್ಳಿಶಾಲೆಯಲ್ಲಿ ಕನ್ನಡ ಕಲಿಸುವ ನಾನು ಮತ್ತೆ ಮತ್ತೆ ಕಂಡದ್ದು ಇಷ್ಟು: ಪದಗಳ ಅರ್ಥ ಚೆನ್ನಾಗಿ ಗೊತ್ತಿದ್ದ ಮಕ್ಕಳೂ ಇಲ್ಲಿ ತಪ್ಪುತ್ತಾರೆ. ಮೂರನೆಯ ಪದ ಕಂಡ ಕೂಡಲೇ ಮೊದಲ ಜೋಡಿಯನ್ನು ಮರೆತು ಉತ್ತರಕ್ಕೆ ಹಾರುತ್ತಾರೆ.

ಹಾಗಾಗಿ ಮೊದಲು ಆಯ್ಕೆಗಳನ್ನು ಮುಚ್ಚಿಸಿ. ಅಂಗೈ ಸಾಕು, ಇಲ್ಲವೇ ಪಾಟಿಯ ಮೇಲೆ ಆಯ್ಕೆಗಳನ್ನು ಬರೆಯಲೇಬೇಡಿ. ಮೊದಲ ಜೋಡಿಯನ್ನು ಮಾತ್ರ ತೋರಿಸಿ, ಅದನ್ನು ಒಂದು ಪೂರ್ತಿ ವಾಕ್ಯ ಮಾಡಿ ಬಾಯಿಬಿಟ್ಟು ಹೇಳಿಸಿ. ‘ಕೂರಿಗೆ : ಬಿತ್ತುವುದು’ ಎಂದರೆ ‘ಕೂರಿಗಿಲೆ ಬಿತ್ತತಾರ್ರಿ’ ಎಂದು ಮಗು ತನ್ನ ಮಾತಿನಲ್ಲೇ ಹೇಳಲಿ. ಈ ಹೊತ್ತಿನಲ್ಲಿ ಗ್ರಂಥಭಾಷೆ ತಿದ್ದಲು ಹೋದರೆ ಮಗು ಬಾಯಿ ಮುಚ್ಚಿಬಿಡುತ್ತದೆ. ಅದೇ ವಾಕ್ಯದಲ್ಲಿ ಕೂರಿಗೆ ತೆಗೆದು ಕುಡುಗೋಲು ಇಟ್ಟರೆ ‘ಕೊಯ್ಯುವುದು’ ತಾನಾಗಿ ಬಂದು ಕೂರುತ್ತದೆ.

ಎರಡನೆಯ ಹೆಜ್ಜೆ ವಾಕ್ಯವನ್ನು ಬಿಗಿ ಮಾಡುವುದು. ಇದಕ್ಕೆ ನಾನು ಒಂದಿಡೀ ಪಿರಿಯಡ್ ಕೊಡುತ್ತೇನೆ. ‘ಧಾರವಾಡ : ಪೇಡೆ :: ಹಾವೇರಿ : ?’ ಎಂದು ಬರೆದು ಹತ್ತಿ, ಮೆಣಸಿನಕಾಯಿ, ಏಲಕ್ಕಿ ಮಾಲೆ ಎಂಬ ಮೂರು ಆಯ್ಕೆ ಕೊಡಿ. ‘ಧಾರವಾಡದಾಗ ಪೇಡೆ ಸಿಗತೈತ್ರಿ’ ಎಂದರೆ ಮೂರೂ ಸರಿಯೇ, ಮೂರೂ ಹಾವೇರಿ ಜಿಲ್ಲೆಯಲ್ಲಿ ಸಿಗುತ್ತವೆ. ವಾಕ್ಯ ಸಡಿಲವಾಯಿತು. ‘ಪೇಡೆ ಧಾರವಾಡದ ಹೆಸರು ಹೊತ್ತು ಹೆಸರುವಾಸಿ ಆಗೇತಿ’ ಎಂದು ಬಿಗಿ ಮಾಡಿದರೆ ಹತ್ತಿ ಬಿತ್ತು. ಮೆಣಸಿನಕಾಯಿಯೂ ಬಿತ್ತು, ಏಕೆಂದರೆ ಅದು ಹಾವೇರಿ ಜಿಲ್ಲೆಯದೇ ಆದರೂ ಹೊತ್ತಿರುವುದು ಬ್ಯಾಡಗಿಯ ಹೆಸರನ್ನು. ಉಳಿದದ್ದು ಏಲಕ್ಕಿ ಮಾಲೆ. ಮಲೆನಾಡಿನಲ್ಲಿ ಬೆಳೆದ ಏಲಕ್ಕಿ ಹಾವೇರಿಯಲ್ಲಿ ಮಾಲೆಯಾಗಿ ಈ ಊರಿನ ಹೆಸರು ಪಡೆಯುತ್ತದೆ ಎಂಬ ಮಾತೂ ಅದೇ ಪಾಠದಲ್ಲಿ ಬಂದುಹೋಗುತ್ತದೆ. ಒಂದಕ್ಕಿಂತ ಹೆಚ್ಚು ಉತ್ತರ ಹೊಂದಿದರೆ ವಾಕ್ಯ ಬಿಗಿ ಮಾಡು, ಒಂದೂ ಹೊಂದದಿದ್ದರೆ ತುಸು ಸಡಿಲ ಮಾಡು: ಮಕ್ಕಳು ಇಷ್ಟು ನೆನಪಿಟ್ಟರೆ ನಿಮಿಷದೊಳಗೆ ಬಿಡಿಸಬಲ್ಲರು.

ಇನ್ನೊಂದು ಬಗೆಯ ಪ್ರಶ್ನೆ ಜಾಣ ಮಕ್ಕಳನ್ನೇ ಕೆಡವುತ್ತದೆ. ‘ದ.ರಾ. ಬೇಂದ್ರೆ : ಅಂಬಿಕಾತನಯದತ್ತ :: ವಿ.ಕೃ. ಗೋಕಾಕ : ?’ ಆಯ್ಕೆಗಳು ಸವಣೂರು, ಜ್ಞಾನಪೀಠ, ಇಂಗ್ಲಿಷ್ ಪ್ರಾಧ್ಯಾಪಕ, ವಿನಾಯಕ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಜ್ಞಾನಪೀಠ ಬಂದದ್ದೂ ನಿಜ, ಇಂಗ್ಲಿಷ್ ಕಲಿಸಿದ್ದೂ ನಿಜ. ನಾಲ್ಕರಲ್ಲಿ ಒಂದೂ ಸುಳ್ಳಿಲ್ಲ. ಹೆಚ್ಚು ಓದಿದ ಮಗುವಿಗೇ ಗೊಂದಲ ಹೆಚ್ಚು. ಆಗ ಗೋಕಾಕರನ್ನು ಬಿಟ್ಟು ಬೇಂದ್ರೆಯವರ ಕಡೆಗೆ ಕರೆದುಕೊಂಡು ಹೋಗಿ. ‘ಬೇಂದ್ರೆಯವರ ಕಾವ್ಯನಾಮ ಅಂಬಿಕಾತನಯದತ್ತ’ ಎಂದು ಹೇಳಿಸಿದರೆ ‘ವಿನಾಯಕ’ ಒಂದೇ ನಿಲ್ಲುತ್ತದೆ.

ದಿಕ್ಕನ್ನೂ ನೋಡಿಸಿ. ‘ಆಕಳು : ಕರು’ ಎಂಬುದಕ್ಕೆ ‘ಮರಿ : ಕುರಿ’ ಹೊಂದುವುದಿಲ್ಲ, ‘ಕುರಿ : ಮರಿ’ ಆಗಬೇಕು. ‘ಎಮ್ಮೆ : ಕೋಣ’ ಹೆಣ್ಣು–ಗಂಡಿನ ಜೋಡಿ, ತಾಯಿ–ಮರಿಯದಲ್ಲ.

ವ್ಯಾಕರಣದ ಪದಸಂಬಂಧಕ್ಕೂ ಇದೇ ದಾರಿ. ‘ಯೋಗಿ : ಜೋಗಿ :: ಯಾತ್ರೆ : ?’ ಎಂದಾಗ ತತ್ಸಮ–ತದ್ಭವ ಪಟ್ಟಿ ಬಾಯಿಪಾಠ ಇಲ್ಲದ ಮಗುವೂ ‘ಯಕಾರ ಹೋಗಿ ಜಕಾರ ಬಂದಿದೆ’ ಎಂದು ಗುರುತಿಸಿ ‘ಜಾತ್ರೆ’ ಹೇಳುತ್ತದೆ. ಸಮಾಸ ಮಾತ್ರ ತಾಳ್ಮೆ ಬೇಡುತ್ತದೆ. ‘ಗಿಡಮರ : ದ್ವಂದ್ವ :: ಮುಕ್ಕಣ್ಣ : ?’ ಬರೆದರೆ ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ, ‘ಸರ, ಮೂರು ಕಣ್ಣ ಅಂದ್ರ ದ್ವಿಗು ಅಲ್ರಿ?’ ತಪ್ಪು ಎಂದು ಹೊಡೆದು ಹಾಕಬೇಡಿ. ದ್ವಿಗುವಿನಲ್ಲಿ ಮೊದಲ ಪದ ಸಂಖ್ಯೆ, ಆ ಮಗು ಸಂಖ್ಯೆಯನ್ನು ಸರಿಯಾಗಿಯೇ ಗುರುತಿಸಿದೆ. ‘ನಾವು ಕಣ್ಣಿನ ಸುದ್ದಿ ಹೇಳಾಕತ್ತೇವೋ, ಕಣ್ಣು ಇದ್ದಾತನ ಸುದ್ದಿ ಹೇಳಾಕತ್ತೇವೋ?’ ಎಂದು ತಿರುಗಿ ಕೇಳಿ. ‘ಶಿವಂದ್ರಿ!’ ಎಂಬ ಉತ್ತರ ಬಂದೊಡನೆ, ಸೇರಿದ ಪದಗಳನ್ನು ಬಿಟ್ಟು ಬೇರೊಬ್ಬರನ್ನು ಸೂಚಿಸುವ ಬಹುವ್ರೀಹಿಯೂ ಬಂದಂತೆ.

ಕೊನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಮಕ್ಕಳಿಂದಲೇ ಪ್ರಶ್ನೆ ಕಟ್ಟಿಸುವುದು. ಶನಿವಾರ ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆದು ತರಲಿ, ಉಳಿದವರು ಬಿಡಿಸಲಿ. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಕಾರಹುಣ್ಣಿಮೆ : ಎತ್ತು :: ನಾಗರಪಂಚಮಿ : ಉಂಡಿ’ ಎಂದು ಬರೆದು ತಂದಳು. ಉಂಡಿ ಎಂದರೆ ಹಬ್ಬದ ಸಿಹಿ ಉಂಡೆ. ಹಿಂದಿನ ಸಾಲಿನವರು ಬಿಡಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಪೂಜೆ ಮಾಡುತ್ತಾರೆ, ಪಂಚಮಿಗೆ ಉಂಡಿಯ ಪೂಜೆ ಯಾರು ಮಾಡುತ್ತಾರೆ, ‘ನಾಗಪ್ಪ’ ಆಗಬೇಕು ಎಂದು ವಾದಿಸಿದರು. ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಉಂಡಿ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಮೊದಲ ಜೋಡಿಯನ್ನೇ ಅಳಿಸಿ, ‘ಸಂಕ್ರಾಂತಿ : ಕುಸುರೆಳ್ಳು’ ಎಂದು ಬರೆದು ಹೋಗಿ ಕುಳಿತಳು.