‘ಇವನು ಎಲ್ಲಿಗೋ ಹೋಗಬೇಕಿತ್ತು’ ಅನ್ನುವ ಮುಂಚೆ: ಜರ್ಮನ್ ಫುಟ್‌ಬಾಲಿಗರ ಅರ್ಧಕ್ಕೆ ನಿಂತ ಕಥೆಗಳನ್ನು ಓದುವುದು ಹೇಗೆ

‘ಹಾಳಾಗಿ ಹೋದ ಹತ್ತು ಜರ್ಮನ್ ಪ್ರತಿಭೆಗಳು’ ಅನ್ನುವ ತರಹದ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಒಂದು ಫೋಟೊ, ಮೂರು ಸಾಲು, ಕೊನೆಗೊಂದು ತೀರ್ಪು. ದುಡ್ಡು ಬಂತು, ತಲೆ ತಿರುಗಿತು, ಮುಗಿದೇ ಹೋದ, ಅಷ್ಟೇ. ನನಗೆ ಇದನ್ನು ಓದಿದಾಗೆಲ್ಲ ಬೇಜಾರಾಗುತ್ತದೆ. ಆ ಹತ್ತು ಜನರಲ್ಲಿ ಒಬ್ಬನ ಮೊಣಕಾಲು ಕೈಕೊಟ್ಟಿರುತ್ತದೆ, ಇನ್ನೊಬ್ಬನಿಗೆ ಕಾಯಿಲೆ, ಮತ್ತೊಬ್ಬ ನಿಜಕ್ಕೂ ಚೆನ್ನಾಗಿಯೇ ಆಡಿ ನಿವೃತ್ತನಾಗಿರುತ್ತಾನೆ, ನಾವು ಸುಮ್ನೆ ಅವನಿಗೆ ‘ವಿಫಲ’ ಅನ್ನುವ ಹಣೆಪಟ್ಟಿ ಕಟ್ಟಿರುತ್ತೇವೆ. ಇವನ್ನೆಲ್ಲ ಬೇರೆ ಬೇರೆ ಮಾಡಿ ನೋಡುವುದು ಕಷ್ಟವೇನಲ್ಲ. ನಾನು ನೋಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಪೂರ್ತಿ ತಂಡದಿಂದ ಶುರು ಮಾಡಿ

ಒಬ್ಬನೇ ಆಟಗಾರನನ್ನು ಹಿಡಿದುಕೊಂಡು ಕೂರಬೇಡಿ. ಅವನು ಆಡಿದ ಯುವ ತಂಡದ ಹನ್ನೊಂದೂ ಹೆಸರು ತೆಗೆದು, ಒಬ್ಬೊಬ್ಬರೂ ಮುಂದೆ ಎಲ್ಲಿಗೆ ಹೋದರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇದಕ್ಕೆ 2009ರ ಅಂಡರ್-21 ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ಗಿಂತ ಒಳ್ಳೆಯ ಪಂದ್ಯ ಇಲ್ಲ. ಜೂನ್ 29, ಸ್ವೀಡನ್ನಿನ ಮಾಲ್ಮೊ ನಗರ, ಹೋರ್ಸ್ಟ್ ಹ್ರುಬೆಶ್ ಕೋಚ್. ಜರ್ಮನಿ ಇಂಗ್ಲೆಂಡನ್ನು 4-0 ಅಂತರದಲ್ಲಿ ಸೋಲಿಸಿತು.

ಆ ದಿನ ಶುರುವಿನಲ್ಲಿ ಇಳಿದ ಹನ್ನೊಂದು ಜನರಲ್ಲಿ ಮಾನುಯೆಲ್ ನೊಯರ್, ಬೆನೆಡಿಕ್ಟ್ ಹೋವೆಡೆಸ್, ಜೆರೋಮ್ ಬೋಟೆಂಗ್, ಮಾಟ್ಸ್ ಹುಮ್ಮೆಲ್ಸ್, ಸಾಮಿ ಖೆದಿರಾ, ಮೆಸುಟ್ ಓಜಿಲ್, ಈ ಆರೂ ಜನ ಐದು ವರ್ಷದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಇದು ಎಲ್ಲರಿಗೂ ಗೊತ್ತು. ಉಳಿದ ಐದು ಜನರ ಕಡೆ ನೋಡಿ. ಫೈನಲ್‌ನಲ್ಲಿ ಎರಡು ಗೋಲು ಹೊಡೆದವನು ಸಾಂಡ್ರೊ ವಾಗ್ನರ್. ಅವನಿಗೆ ಹಿರಿಯರ ರಾಷ್ಟ್ರೀಯ ತಂಡದಲ್ಲಿ ಮೊದಲ ಅವಕಾಶ ಸಿಕ್ಕಿದ್ದು 2017ರಲ್ಲಿ, 29ನೇ ವಯಸ್ಸಿನಲ್ಲಿ. 8 ಪಂದ್ಯ ಆಡಿ 5 ಗೋಲು ಹೊಡೆದ, ಮುಂದಿನ ವರ್ಷದ ವಿಶ್ವಕಪ್ ತಂಡದಿಂದ ಹೊರಗುಳಿದ. ಮೊದಲ ಗೋಲು ಹೊಡೆದ ಗೊನ್ಸಾಲೊ ಕಾಸ್ಟ್ರೊ ಅಷ್ಟರಲ್ಲಾಗಲೇ ಹಿರಿಯರ ತಂಡಕ್ಕೆ 5 ಪಂದ್ಯ ಆಡಿದ್ದ, ಆ ಲೆಕ್ಕ ಅಲ್ಲಿಗೇ ನಿಂತುಹೋಯಿತು. ಆದರೆ ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ 400ಕ್ಕೂ ಜಾಸ್ತಿ ಪಂದ್ಯ ಆಡಿದ. ಆಂಡ್ರಿಯಾಸ್ ಬೆಕ್ ರಾಷ್ಟ್ರೀಯ ತಂಡದಲ್ಲಿ 9 ಪಂದ್ಯಕ್ಕೆ ಮುಗಿಸಿದ. ಸೆಬಾಸ್ಟಿಯನ್ ಬೋಯೆನಿಶ್ ಪೋಲೆಂಡ್ ಪರ ಆಡಿದ. ಫೇಬಿಯನ್ ಜಾನ್ಸನ್ ಅಮೆರಿಕ ತಂಡಕ್ಕೆ ಹೋದ, 2014ರ ವಿಶ್ವಕಪ್ಪಿನಲ್ಲಿ ಜರ್ಮನಿಯ ವಿರುದ್ಧವೇ ಇಳಿದ.

ಈಗ ಹೇಳಿ, ಈ ಐದು ಜನರಲ್ಲಿ ಯಾರು ಹಾಳಾದವರು? ಯಾರೂ ಇಲ್ಲ. ಕಾಸ್ಟ್ರೊನ ತರಹದ ಬದುಕು ಸಿಕ್ಕರೆ ಸಾಕು ಅಂತ ಕನಸು ಕಾಣುವ ಹುಡುಗರು ಜರ್ಮನಿಯಲ್ಲಿ ಸಾವಿರಾರು ಜನ ಇದ್ದಾರೆ.

ಇನ್ನೂ ಹಿಂದೆ ಹೋಗುವುದಾದರೆ ಮಾರ್ಸೆಲ್ ವಿಟೆಚೆಕ್ ಹೆಸರು ಹುಡುಕಿ. 1985ರಲ್ಲಿ ಚೀನಾದಲ್ಲಿ ನಡೆದ ಅಂಡರ್-16 ವಿಶ್ವ ಟೂರ್ನಿಯಲ್ಲಿ 8 ಗೋಲು ಹೊಡೆದು ಅತಿ ಹೆಚ್ಚು ಗೋಲು ಹೊಡೆದ ಆಟಗಾರ ಅನ್ನಿಸಿಕೊಂಡ. ಎರಡು ವರ್ಷ ಬಿಟ್ಟು ಚಿಲಿಯಲ್ಲಿ ನಡೆದ ಅಂಡರ್-20 ಟೂರ್ನಿಯಲ್ಲಿ 7 ಗೋಲು, ಮತ್ತೆ ಅವನೇ ಮೊದಲು. ಆ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಯುಗೊಸ್ಲಾವಿಯಾ. ಆ ಪೀಳಿಗೆಯ ಬೊಬಾನ್, ಶುಕರ್ ಇವರ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿದೆ. ವಿಟೆಚೆಕ್ ಮಾತ್ರ ಹಿರಿಯರ ರಾಷ್ಟ್ರೀಯ ತಂಡಕ್ಕೆ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಬುಂಡೆಸ್‌ಲೀಗಾದಲ್ಲಿ ಅವನೂ 400 ದಾಟಿದ, ಬಾಯರ್ನ್ ಮ್ಯೂನಿಕ್ ಕ್ಲಬ್ ಜೊತೆ ಲೀಗ್ ಗೆದ್ದ, 1996ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಗೆದ್ದ. ಹದಿನಾರರಲ್ಲಿ ಗೋಲು ಹೊಡೆಯುವವನು ಇಪ್ಪತ್ತಾರರಲ್ಲೂ ಹೊಡೆಯುತ್ತಾನೆ ಅಂತ ಲೆಕ್ಕ ಹಾಕುವವರು ಇವನ ಕಥೆಯನ್ನು ಒಮ್ಮೆ ಓದಲೇಬೇಕು.

ಹೊಗಳಿದ್ದು ಯಾವಾಗ, ಯಾಕೆ ಅಂತ ನೋಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಬ್ಬ ಹುಡುಗನ ಮೇಲೆ ಎಷ್ಟು ಆಸೆ ಇಟ್ಟರು ಅನ್ನುವುದು ಅವನ ಆಟಕ್ಕಿಂತ ಜಾಸ್ತಿ ಆ ಕಾಲದ ಜರ್ಮನ್ ಫುಟ್‌ಬಾಲ್ ಹೇಗಿತ್ತು ಅನ್ನುವುದರ ಮೇಲೆ ನಿಂತಿರುತ್ತದೆ.

ಸೆಬಾಸ್ಟಿಯನ್ ಡೈಸ್ಲರ್ ಹುಟ್ಟಿದ್ದು 1980ರಲ್ಲಿ, ಸ್ವಿಟ್ಜರ್ಲೆಂಡ್ ಗಡಿಗೆ ಅಂಟಿಕೊಂಡಿರುವ ಲೋರಾಕ್ ಅನ್ನುವ ಊರಿನಲ್ಲಿ. ಹದಿನೈದನೇ ವಯಸ್ಸಿಗೆ ಮನೆ ಬಿಟ್ಟು ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಕ್ ಕ್ಲಬ್ ಸೇರಿದ. ಹದಿನೆಂಟಕ್ಕೆ ಬುಂಡೆಸ್‌ಲೀಗಾ, ಆಮೇಲೆ ಬರ್ಲಿನ್ನಿನ ಹೆರ್ಥಾ. ಎರಡೂ ಕಾಲಿನಲ್ಲಿ ಪಾಸ್ ಕೊಡುತ್ತಿದ್ದ, ಅವನ ಫ್ರೀಕಿಕ್, ಕ್ರಾಸ್ ನೋಡಲು ಚಂದ. ಪತ್ರಿಕೆಗಳು ‘ಬಾಸ್ಟಿ ಫಾಂಟಾಸ್ಟಿ’ ಅಂತ ಕರೆದವು. ಆದರೆ ಆಗ ಜರ್ಮನಿಯ ಸ್ಥಿತಿ ಹೇಗಿತ್ತು ಗೊತ್ತಾ? 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಕ್ರೊಯೇಷಿಯಾ 3-0 ಅಂತರದಲ್ಲಿ ಹೊಡೆದು ಮನೆಗೆ ಕಳಿಸಿತ್ತು. ಯುರೋ 2000ರಲ್ಲಿ ಗುಂಪಿನ ಕೊನೆಯ ಸ್ಥಾನ, ಮೂರು ಪಂದ್ಯಕ್ಕೆ ಒಂದೇ ಅಂಕ. ವಯಸ್ಸಾದ ತಂಡ, ಹಿಂದೆ ಯಾರೂ ಇಲ್ಲ. ಕಣ್ಣಿಗೆ ಕಂಡ ಒಬ್ಬನೇ ಹುಡುಗ ಡೈಸ್ಲರ್. ಇಡೀ ದೇಶ ಅವನ ಹೆಗಲ ಮೇಲೆ ಹತ್ತಿ ಕೂತಿತು.

ಆ ಸೋಲಿನ ನಂತರವೇ ಜರ್ಮನಿ ಎಚ್ಚೆತ್ತಿದ್ದು. 2001ರಿಂದ ಬುಂಡೆಸ್‌ಲೀಗಾ ಕ್ಲಬ್‌ಗಳು ಹುಡುಗರ ತರಬೇತಿ ಕೇಂದ್ರ ನಡೆಸುವುದು ಕಡ್ಡಾಯವಾಯಿತು, ದೇಶದ ತುಂಬ ತರಬೇತಿ ತಾಣಗಳು ಬಂದವು. ಓಜಿಲ್, ಕ್ರೋಸ್ ಇವರೆಲ್ಲ ಬಂದದ್ದು ಆ ಬೆಳೆಯಲ್ಲಿ, ಹತ್ತಾರು ಜನರ ಜೊತೆಗೆ. ಡೈಸ್ಲರ್ ಒಬ್ಬನೇ ಬಂದಿದ್ದ. ಅವನನ್ನೂ ಓಜಿಲ್‌ನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಅವನ ಮೊಣಕಾಲು ಶುರುವಿನಿಂದಲೂ ಸರಿ ಇರಲಿಲ್ಲ. 2001ರಲ್ಲಿ, ಬಾಯರ್ನ್ ಸೇರಲು ಅವನಿಗೆ ಮುಂಚಿತವಾಗಿ 20 ಮಿಲಿಯನ್ ಮಾರ್ಕ್ (ಆಗಿನ ಜರ್ಮನ್ ಹಣ) ಸಂದಾಯವಾಗಿದೆ ಅನ್ನುವುದು ಪತ್ರಿಕೆಯಲ್ಲಿ ಬಂತು. ಹೆರ್ಥಾ ಅಭಿಮಾನಿಗಳು ತಿರುಗಿಬಿದ್ದರು. 2002ರ ಮೇನಲ್ಲಿ ಆಸ್ಟ್ರಿಯಾ ವಿರುದ್ಧದ ಸ್ನೇಹಪಂದ್ಯದಲ್ಲಿ ಮತ್ತೆ ಮೊಣಕಾಲಿಗೆ ಪೆಟ್ಟು ಬಿದ್ದು ವಿಶ್ವಕಪ್ ತಪ್ಪಿತು. 2003ರ ನವೆಂಬರ್‌ನಲ್ಲಿ ಖಿನ್ನತೆಗೆ ಮ್ಯೂನಿಕ್‌ನ ಆಸ್ಪತ್ರೆ ಸೇರಿದ, ಅದನ್ನು ಮುಚ್ಚಿಡಲಿಲ್ಲ. ಆಗಿನ ಜರ್ಮನ್ ಫುಟ್‌ಬಾಲ್‌ನಲ್ಲಿ ಇದು ಸಣ್ಣ ವಿಷಯ ಆಗಿರಲಿಲ್ಲ. ವಾಪಸ್ ಬಂದು 2005ರ ಕಾನ್ಫೆಡರೇಷನ್ಸ್ ಕಪ್ ಆಡಿದ. 2006ರ ಮಾರ್ಚ್‌ನಲ್ಲಿ ಮತ್ತೆ ಅದೇ ಮೊಣಕಾಲು, ಸ್ವಂತ ದೇಶದಲ್ಲಿ ನಡೆದ ವಿಶ್ವಕಪ್ಪೂ ಹೋಯಿತು. 2007ರ ಜನವರಿಯಲ್ಲಿ, 27ನೇ ವಯಸ್ಸಿಗೆ, ಸಾಕು ಅಂತ ಬಿಟ್ಟ. ದೇಶಕ್ಕೆ 36 ಪಂದ್ಯ, 3 ಗೋಲು. ಇಷ್ಟನ್ನು ಓದಿದ ಮೇಲೂ ಅವನ ಹೆಸರಿನ ಮುಂದೆ ‘ಪ್ರತಿಭೆ ವ್ಯರ್ಥ ಮಾಡಿಕೊಂಡವನು’ ಅಂತ ಯಾರಾದರೂ ಬರೆದರೆ, ಅವರು ಓದಿಲ್ಲ ಅಂತಲೇ ಅರ್ಥ.

ಗಾಯ ಮತ್ತು ನಿಮಿಷಗಳ ಲೆಕ್ಕ

ಟ್ರಾನ್ಸ್‌ಫರ್‌ಮಾರ್ಕ್ಟ್ ಅನ್ನುವ ಜರ್ಮನ್ ತಾಣದಲ್ಲಿ ಪ್ರತಿ ಆಟಗಾರನ ಪುಟದಲ್ಲೂ ಗಾಯಗಳ ಪಟ್ಟಿ ಇರುತ್ತದೆ, ಎಷ್ಟು ದಿನ, ಎಷ್ಟು ಪಂದ್ಯ ತಪ್ಪಿತು ಅಂತ. ಮೊದಲು ಅದನ್ನು ತೆಗೆಯಿರಿ. ಅಲ್ಲಿನ ಮಾರುಕಟ್ಟೆ ಬೆಲೆಯ ಗ್ರಾಫ್ ಕಡೆ ಆಮೇಲೆ ನೋಡಿ, ಅದು ಅಂದಾಜು ಅಷ್ಟೇ. ನಂತರ ಪ್ರತಿ ಸೀಸನ್‌ನಲ್ಲಿ ಆಡಿದ ನಿಮಿಷಗಳನ್ನು ನೋಡಿ. ಪಂದ್ಯಗಳ ಸಂಖ್ಯೆ ಮೋಸ ಮಾಡುತ್ತದೆ. ಕೊನೆಯ ಐದು ನಿಮಿಷಕ್ಕೆ ಇಳಿದರೂ ಅದು ಒಂದು ಪಂದ್ಯವೇ. ಕಿಕ್ಕರ್ ಪತ್ರಿಕೆ ಪ್ರತಿ ಪಂದ್ಯದ ಆಟಕ್ಕೆ ಕೊಡುವ ಅಂಕಗಳನ್ನು ನೋಡುವಾಗ ಒಂದು ನೆನಪಿಡಿ, ಅಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ತೀರಾ ಕಳಪೆ, ಜರ್ಮನ್ ಶಾಲೆಗಳ ಹಾಗೆ.

ಗಾಯದ ಪಟ್ಟಿ ಸಣ್ಣದಿದ್ದು ನಿಮಿಷಗಳೂ ಕಡಿಮೆ ಇದ್ದರೆ, ಆಗ ಕೇಳಬೇಕಾದ ಪ್ರಶ್ನೆ, ಅವನ ಜಾಗದಲ್ಲಿ ಯಾರಿದ್ದರು? ಮಾರ್ಕೊ ಮರಿನ್‌ನನ್ನು ತೆಗೆದುಕೊಳ್ಳಿ. ಪುಟ್ಟ ಆಳು, ಡ್ರಿಬ್ಲಿಂಗ್ ಚೆನ್ನಾಗಿತ್ತು, ಅಷ್ಟಕ್ಕೇ ‘ಜರ್ಮನ್ ಮೆಸ್ಸಿ’ ಅಂತ ಹೆಸರಿಟ್ಟರು. 2010ರ ವಿಶ್ವಕಪ್ ತಂಡದಲ್ಲಿದ್ದ. ಆದರೆ ಅದೇ ಹೊತ್ತಿಗೆ ಓಜಿಲ್, ಥಾಮಸ್ ಮ್ಯುಲರ್, ಪೊಡೊಲ್ಸ್ಕಿ, ಸ್ವಲ್ಪ ದಿನಕ್ಕೇ ಗೋಟ್ಸೆ, ರಾಯ್ಸ್. 16 ಪಂದ್ಯಕ್ಕೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತು. 2012ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಹೋದ, ಲೀಗ್‌ನಲ್ಲಿ ಆಡಿದ್ದು 6 ಪಂದ್ಯ. ಅಲ್ಲಿಂದ ಸ್ಪೇನ್, ಇಟಲಿ, ಬೆಲ್ಜಿಯಂ, ಟರ್ಕಿ, ಗ್ರೀಸ್. ಇವನ ವಿಷಯದಲ್ಲಿ ಚೆಲ್ಸಿ ಆಯ್ಕೆ ತಪ್ಪಾಗಿತ್ತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕೂ ಮುಂಚೆ ಜರ್ಮನಿಯ ಬ್ರೆಮೆನ್ ಕ್ಲಬ್ಬಿನಲ್ಲಿ ಪ್ರತಿ ವಾರ ಆಡುತ್ತಿದ್ದವನು ಬೆಂಚಿಗೆ ಹೋದ, ಆಮೇಲೆ ಲಯ ಸಿಗಲು ವರ್ಷಗಳೇ ಬೇಕಾದವು. ಆದರೂ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಸೇರಿದ ಮೇಲೆ ಅಲ್ಲಿ ಲೀಗ್ ಗೆದ್ದ, ಚಾಂಪಿಯನ್ಸ್ ಲೀಗ್ ಗುಂಪಿನ ಹಂತ ಆಡಿದ.

ಒಂದು ಗೋಲಿನಿಂದ ಅಳೆಯಬೇಡಿ

ಲಾರ್ಸ್ ರಿಕೆನ್. 1997ರ ಚಾಂಪಿಯನ್ಸ್ ಲೀಗ್ ಫೈನಲ್, ಮ್ಯೂನಿಕ್ ನಗರದಲ್ಲಿ, ಅವನ ಡಾರ್ಟ್‌ಮಂಡ್ ಮತ್ತು ಇಟಲಿಯ ಯುವೆಂಟಸ್ ನಡುವೆ. ಬದಲಿ ಆಟಗಾರನಾಗಿ ಇಳಿದ 16 ಸೆಕೆಂಡಿಗೆ, ಮೊದಲ ಸ್ಪರ್ಶದಲ್ಲೇ, ದೂರದಿಂದ ಗೋಲ್‌ಕೀಪರ್ ಪೆರುಟ್ಸಿಯ ತಲೆ ಮೇಲಿಂದ ಚೆಂಡು ಎತ್ತಿ ಹಾಕಿದ. ಆಗ ಅವನಿಗೆ ಇಪ್ಪತ್ತು ವರ್ಷ. ದೇಶಕ್ಕೆ ಆಡಿದ್ದು 16 ಪಂದ್ಯ ಮಾತ್ರ, 2002ರ ವಿಶ್ವಕಪ್ಪಿಗೆ ಹೋದರೂ ಒಂದು ನಿಮಿಷವೂ ಸಿಗಲಿಲ್ಲ. ಆದರೆ ಬುಂಡೆಸ್‌ಲೀಗಾದಲ್ಲಿ 300 ದಾಟಿದ ಪಂದ್ಯಗಳೆಲ್ಲ ಡಾರ್ಟ್‌ಮಂಡ್ ಪರವೇ, ಅದೂ ತಾನು ಹುಟ್ಟಿದ ಊರಿನ ಕ್ಲಬ್. ಆಮೇಲೆ ವರ್ಷಗಟ್ಟಲೆ ಅಲ್ಲಿನ ಹುಡುಗರ ವಿಭಾಗ ನೋಡಿಕೊಂಡ, 2024ರಿಂದ ಕ್ಲಬ್ಬಿನ ಕ್ರೀಡಾ ವ್ಯವಹಾರದ ಮುಖ್ಯಸ್ಥ.

ಮಾರಿಯೊ ಗೋಟ್ಸೆಯ ಮೇಲೂ ಇದೇ ಅಳತೆ ಬಿತ್ತು. 2014ರ ವಿಶ್ವಕಪ್ ಫೈನಲ್, 113ನೇ ನಿಮಿಷದಲ್ಲಿ ಗೆಲುವಿನ ಗೋಲು, ಆಗ ಅವನಿಗೆ 22 ವರ್ಷ. ಅದಾದ ಮೇಲೆ ಏನು ಮಾಡಿದರೂ ಕಡಿಮೆಯೇ ಕಂಡಿತು. 2017ರಲ್ಲಿ ಅವನಿಗೆ ಚಯಾಪಚಯದ ತೊಂದರೆ ಇದೆ ಅಂತ ಪತ್ತೆಯಾಯಿತು. ಅದಕ್ಕೂ ಮುಂಚೆ ಎಷ್ಟು ಜನ ಅವನನ್ನು ಸೋಮಾರಿ, ದಪ್ಪ ಅಂದಿದ್ದರೋ. ವಿಶ್ವಕಪ್ ಗೆದ್ದುಕೊಟ್ಟವನನ್ನು ‘ಈಡೇರದ ಪ್ರತಿಭೆ’ ಪಟ್ಟಿಗೆ ಸೇರಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಈಗ ಆಡುತ್ತಿರುವವರನ್ನು ನೋಡುವಾಗ

ಯೂಸುಫಾ ಮುಕೋಕೊ ಮೇಲೆ ಇದನ್ನೆಲ್ಲ ಪ್ರಯೋಗಿಸಿ ನೋಡಬಹುದು. 2020ರಲ್ಲಿ ಬುಂಡೆಸ್‌ಲೀಗಾ ತನ್ನಲ್ಲಿ ಆಡಲು ಬೇಕಾದ ಕನಿಷ್ಠ ವಯಸ್ಸನ್ನು 16ಕ್ಕೆ ಇಳಿಸಿತು. ಆ ನವೆಂಬರ್ 21ರಂದು, ಹದಿನಾರು ತುಂಬಿದ ಮಾರನೇ ದಿನ, ಅವನು ಡಾರ್ಟ್‌ಮಂಡ್ ಪರ ಇಳಿದ. ಡಿಸೆಂಬರ್‌ನಲ್ಲಿ ಮೊದಲ ಗೋಲು ಬಂತು. ಎರಡೂ ಅತಿ ಚಿಕ್ಕ ವಯಸ್ಸಿನ ಬುಂಡೆಸ್‌ಲೀಗಾ ದಾಖಲೆ. 2022ರ ವಿಶ್ವಕಪ್ಪಿನಲ್ಲಿ ಜಪಾನ್ ವಿರುದ್ಧ ಆಡಿದಾಗ ಹದಿನೆಂಟು ತುಂಬಿ ಮೂರು ದಿನ. ಆಮೇಲೆ ಗಾಯ, ಬೆಂಚು, 2024ರಲ್ಲಿ ಎರವಲು ಆಟಗಾರನಾಗಿ (ಲೋನ್ ಮೇಲೆ) ಫ್ರಾನ್ಸಿನ ನೀಸ್ ಕ್ಲಬ್, 2025ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಕ್ಲಬ್. ಈಗಲೇ ಅವನನ್ನು ಹಾಳಾದವರ ಪಟ್ಟಿಗೆ ಹಾಕಿದವರಿದ್ದಾರೆ. ಅವನ ಹೆಸರು ಕಂಡರೆ ಮೂರು ವಿಷಯ ನೋಡಿ ಸಾಕು: ಈ ಸೀಸನ್‌ನಲ್ಲಿ ಎಷ್ಟು ನಿಮಿಷ ಆಡಿದ, ಯಾವ ಜಾಗದಲ್ಲಿ ಆಡಿಸಿದರು, ಪಂದ್ಯ ಶುರುವಾಗುವಾಗ ಇಳಿದನಾ, ಕೊನೆಗೆ ಇಳಿದನಾ. ಗೋಲಿನ ಲೆಕ್ಕ ಆಮೇಲೆ. ತೀರ್ಪು ಕೊಡಲು ಇನ್ನೂ ಐದಾರು ವರ್ಷ ಕಾಯಬಹುದು, ಅಲ್ವಾ? ವಾಗ್ನರ್‌ಗೆ ಕರೆ ಬಂದಿದ್ದು 29ಕ್ಕೆ.