ಮನೆ ಬಾಡಿಗೆಗೆ ಕೊಡುವವರು ಸ್ವಯಂ ಉದ್ಯೋಗಿಗಳೇ? ಇಂಗ್ಲೆಂಡಿನ ಉಚಿತ ಚೈಲ್ಡ್‌ಕೇರ್‌ಗೆ ಲೆಕ್ಕ ಹಾಕುವ ಬಗೆ

ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಹೋಗುವ ತಂದೆ ತಾಯಿಯ ಮಗುವಿಗೆ 9 ತಿಂಗಳು ತುಂಬಿದ ಮೇಲೆ ವಾರಕ್ಕೆ 30 ಗಂಟೆಯಂತೆ, ವರ್ಷದಲ್ಲಿ 38 ವಾರ ಸರ್ಕಾರದ ಖರ್ಚಿನಲ್ಲಿ ನರ್ಸರಿ ಸಿಗುತ್ತದೆ. 2025ರ ಸೆಪ್ಟೆಂಬರ್‌ನಿಂದ ಇದು ಪೂರ್ತಿಯಾಗಿ ಜಾರಿಯಲ್ಲಿದೆ. ದಂಪತಿಯಾದರೆ ಇಬ್ಬರಿಗೂ ದುಡಿಮೆಯ ಆದಾಯ ಇರಬೇಕು. ಒಬ್ಬರು ಆಫೀಸಿಗೆ ಹೋಗಿ, ಇನ್ನೊಬ್ಬರು ಮನೆ ಬಾಡಿಗೆಯ ವ್ಯವಹಾರವನ್ನಷ್ಟೇ ನೋಡಿಕೊಳ್ಳುವ ಕುಟುಂಬಗಳ ಅರ್ಜಿ ಇಲ್ಲೇ ಬಿದ್ದುಹೋಗುತ್ತದೆ. ಕನಿಷ್ಠ ಆದಾಯ ತೋರಿಸುವಾಗ ಬಾಡಿಗೆಗೆ ಬೆಲೆಯಿಲ್ಲ. ಗರಿಷ್ಠ ಮಿತಿ ನೋಡುವಾಗ ಮಾತ್ರ ಅದೇ ಬಾಡಿಗೆ ಲೆಕ್ಕಕ್ಕೆ ಬರುತ್ತದೆ.

ಮೊದಲು ಕನಿಷ್ಠ ಆದಾಯ. ಮುಂದಿನ ಮೂರು ತಿಂಗಳಲ್ಲಿ ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಯಷ್ಟು ಗಳಿಸುವ ನಿರೀಕ್ಷೆ ಇರಬೇಕು. 21 ವರ್ಷ ತುಂಬಿದವರಿಗೆ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್. ಅಂದರೆ ವಾರಕ್ಕೆ 203.36, ಹದಿಮೂರು ವಾರಕ್ಕೆ ಸುಮಾರು 2,644 ಪೌಂಡ್. ಅಷ್ಟು ಗಂಟೆ ದುಡಿಯಲೇಬೇಕೆಂದಿಲ್ಲ, ಅಷ್ಟು ಹಣ ಬಂದರೆ ಸಾಕು. ಬಡ್ಡಿ, ಡಿವಿಡೆಂಡ್, ಪಿಂಚಣಿ ಮತ್ತು ಆಸ್ತಿಯ ಬಾಡಿಗೆ ಇದರಲ್ಲಿ ಸೇರುವುದಿಲ್ಲ. ತಿಂಗಳಿಗೆ 3,000 ಪೌಂಡ್ ಬಾಡಿಗೆ ಬಂದರೂ ಇಲ್ಲಿ ಅದು ಸೊನ್ನೆಯೇ.

ನಿಮ್ಮ ಆದಾಯ ಯಾವ ಬಗೆಯದು ಎಂದು ತಿಳಿಯಲು ತೆರಿಗೆ ರಿಟರ್ನ್ ತೆಗೆದು ನೋಡಿ. ಎಸ್‌ಎ105 ಪುಟದಲ್ಲಿದ್ದರೆ ಅದು ಆಸ್ತಿಯ ಆದಾಯ, ಎಸ್‌ಎ103 ಪುಟದಲ್ಲಿದ್ದರೆ ಸ್ವಯಂ ಉದ್ಯೋಗ. ನಲ್ಲಿ ರಿಪೇರಿ ಮಾಡಿಸುವುದು, ಬಾಡಿಗೆದಾರರನ್ನು ಹುಡುಕುವುದು ಎಷ್ಟೇ ಶ್ರಮದ ಕೆಲಸವಾದರೂ ಸ್ವಂತ ಮನೆ ಬಾಡಿಗೆಗೆ ಕೊಡುವುದು ವೃತ್ತಿ ಎನಿಸಿಕೊಳ್ಳುವುದಿಲ್ಲ. ಊಟ ತಿಂಡಿ, ದಿನನಿತ್ಯದ ಶುಚಿ ಎಲ್ಲ ಒದಗಿಸುವ ಗೆಸ್ಟ್ ಹೌಸ್ ನಡೆಸಿದರೆ, ಅಥವಾ ಬೇರೆಯವರ ಮನೆಗಳನ್ನು ಶುಲ್ಕ ಪಡೆದು ನೋಡಿಕೊಂಡರೆ ಅದು ವೃತ್ತಿಯಾಗಬಹುದು.

ಬಾಡಿಗೆಯ ಜೊತೆಗೆ ಟ್ಯೂಷನ್, ಅಡುಗೆ, ಹೊಲಿಗೆ ಹೀಗೆ ಏನಾದರೂ ನಿಜವಾದ ಸ್ವಂತ ಕೆಲಸ ಇದ್ದರೆ ಅದರ ಲಾಭವನ್ನಷ್ಟೇ ತೋರಿಸಿ. ಆ ಕೆಲಸ ಶುರುವಾಗಿ 12 ತಿಂಗಳು ಆಗಿಲ್ಲದಿದ್ದರೆ ಕನಿಷ್ಠ ಆದಾಯದ ನಿಯಮವೇ ಅನ್ವಯಿಸುವುದಿಲ್ಲ. ಹಳೆಯ ಕೆಲಸವಾಗಿದ್ದು ಮುಂದಿನ ಮೂರು ತಿಂಗಳು ಗಿರಾಕಿ ಕಡಿಮೆ ಎನಿಸಿದರೆ, ಈ ತೆರಿಗೆ ವರ್ಷದ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯಬಹುದು.

ಮನೆಗಳು ಕಂಪನಿಯ ಹೆಸರಿನಲ್ಲಿದ್ದರೆ, ಕಂಪನಿ ನಿಮಗೆ ಕೊಡುವ ಸಂಬಳ ಸೇರುತ್ತದೆ, ಡಿವಿಡೆಂಡ್ ಸೇರುವುದಿಲ್ಲ. ಕನಿಷ್ಠ ಮಿತಿ ಮುಟ್ಟಲು ವರ್ಷಕ್ಕೆ ಸುಮಾರು 10,575 ಪೌಂಡ್ ಸಂಬಳ ಬೇಕು. 5,000 ಮೀರಿದ ಭಾಗಕ್ಕೆ ಕಂಪನಿ ಶೇ 15ರಂತೆ, ಅಂದರೆ ಸುಮಾರು 836 ಪೌಂಡ್ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಿಮೆಯ ಹಣ) ಕಟ್ಟಬೇಕಾಗುತ್ತದೆ. ನರ್ಸರಿಯ ಉಳಿತಾಯಕ್ಕೆ ಹೋಲಿಸಿದರೆ ಇದು ಸಣ್ಣ ಮೊತ್ತವೇ.

ಈಗ ಗರಿಷ್ಠ ಮಿತಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಇಬ್ಬರಲ್ಲಿ ಒಬ್ಬರ ಹೊಂದಾಣಿಕೆಯಾದ ನಿವ್ವಳ ಆದಾಯ (ತೆರಿಗೆಗೆ ಒಳಪಡುವ ಒಟ್ಟು ಆದಾಯದಿಂದ ಸ್ವಂತ ಪಿಂಚಣಿಗೆ ಹಾಕಿದ ಹಣದಂಥವನ್ನು ಕಳೆದ ಮೊತ್ತ) ತೆರಿಗೆ ವರ್ಷದಲ್ಲಿ 1,00,000 ಪೌಂಡ್ ಮೀರಿದರೂ ಇಡೀ ಸೌಲಭ್ಯ ಹೋಯಿತು. ಇದರಲ್ಲಿ ಬಾಡಿಗೆ ಲಾಭ ಸೇರುತ್ತದೆ, ಅದೂ ಗೃಹಸಾಲದ ಬಡ್ಡಿಯನ್ನು ಕಳೆಯದೆ. ಸಂಬಳ 92,000, ಬಾಡಿಗೆ 14,400, ಏಜೆಂಟ್ ಮತ್ತು ರಿಪೇರಿಗೆ 2,400, ಸಾಲದ ಬಡ್ಡಿ 7,000 ಎಂದುಕೊಳ್ಳಿ. ಕೈಯಲ್ಲಿ ಉಳಿಯುವ ಬಾಡಿಗೆ 5,000 ಮಾತ್ರ, ಆದರೆ ಲೆಕ್ಕಕ್ಕೆ ಬರುವುದು 12,000. ಒಟ್ಟು 1,04,000. ಸ್ವಂತ ಪಿಂಚಣಿ ಖಾತೆಗೆ 3,200 ಪೌಂಡ್ ಹಾಕಿದರೆ ತೆರಿಗೆ ರಿಯಾಯಿತಿ ಸೇರಿ 4,000 ಆಗುತ್ತದೆ, ಆದಾಯ ಸರಿಯಾಗಿ 1,00,000ಕ್ಕೆ ಇಳಿಯುತ್ತದೆ. ಇದನ್ನು ಏಪ್ರಿಲ್ 5ರ ಒಳಗೆ ಮಾಡಬೇಕು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರು ಅದನ್ನೂ ಸೇರಿಸಿಕೊಳ್ಳಿ. ಭಾರತದಲ್ಲಿ ಸಿಗುವ ಶೇ 30ರ ಕಡಿತ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ, ನಿಜವಾಗಿ ಮಾಡಿದ ಖರ್ಚು ಮಾತ್ರ ಕಳೆಯಬಹುದು. ಭಾರತದಲ್ಲಿ ಕಟ್ಟಿದ ತೆರಿಗೆಯಿಂದ ಬ್ರಿಟನ್ನಿನ ತೆರಿಗೆ ಕಡಿಮೆಯಾಗುತ್ತದೆಯೇ ಹೊರತು ಆದಾಯದ ಅಂಕಿ ಇಳಿಯುವುದಿಲ್ಲ. ವೀಸಾದಲ್ಲಿರುವ ದಂಪತಿ ಇನ್ನೊಂದನ್ನೂ ನೋಡಬೇಕು: ಇಬ್ಬರಲ್ಲಿ ಒಬ್ಬರಿಗಾದರೂ ಸಾರ್ವಜನಿಕ ನೆರವು ಪಡೆಯುವ ಅನುಮತಿ, ಇಲ್ಲವೇ ಬ್ರಿಟಿಷ್ ಅಥವಾ ಐರಿಷ್ ಪೌರತ್ವ, ಸೆಟಲ್ಡ್ ಸ್ಟೇಟಸ್ (ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಹಕ್ಕು) ಇಂಥದ್ದೇನಾದರೂ ಇರಬೇಕು. ಇದಾವುದೂ ಇಲ್ಲದಿದ್ದರೂ, ಆದಾಯ ಎಷ್ಟೇ ಇದ್ದರೂ, 3 ಮತ್ತು 4 ವರ್ಷದ ಎಲ್ಲ ಮಕ್ಕಳಿಗೂ 15 ಗಂಟೆ ಇದ್ದೇ ಇದೆ.

ಲೆಕ್ಕ ಸರಿಹೋದರೆ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ 11 ಅಂಕಿಯ ಕೋಡ್ ಪಡೆದು ನರ್ಸರಿಗೆ ಕೊಡಿ. ಜನವರಿ ಅವಧಿಗೆ ಡಿಸೆಂಬರ್ 31, ಏಪ್ರಿಲ್‌ಗೆ ಮಾರ್ಚ್ 31, ಸೆಪ್ಟೆಂಬರ್‌ಗೆ ಆಗಸ್ಟ್ 31ರ ಒಳಗೆ ಕೋಡ್ ಕೈಯಲ್ಲಿರಬೇಕು. ಕೊನೆಯ ವಾರದವರೆಗೆ ಕಾಯಬೇಡಿ, ದಾಖಲೆ ಕೇಳಿದರೆ ದಿನಗಳು ಹಿಡಿಯುತ್ತವೆ. ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಖಾತೆಗೆ ಹೋಗಿ ವಿವರ ಖಚಿತಪಡಿಸಬೇಕು. ಸಂಬಳ ಏರಿದ ತಿಂಗಳಲ್ಲೂ, ಹೊಸ ಬಾಡಿಗೆದಾರರು ಬಂದಾಗಲೂ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಿ.